ಇಪ್ಪತ್ತು ನಿಮಿಷದ ರಕ್ತ

ಆಗಸ್ಟ್ 3

ತಮ್ಮಾ,

ನಿನ್ನೆ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಇಲ್ಲಿಂದ ನಲವತ್ತಮೂರನೇ ಕಿಲೋಮೀಟರಿನಲ್ಲಿ, ಹಾವು ಕಚ್ಚಿದ್ದ ಒಬ್ಬ ಹೆಂಗಸು ಆಂಬುಲೆನ್ಸಿನೊಳಗೆ ತೀರಿಕೊಂಡಳು. ಹೇಳಿದವನು ಆಂಬುಲೆನ್ಸ್ ಡ್ರೈವರ್. ಗಾಡಿ ವಾಪಸ್ ತಂದು ನಿಲ್ಲಿಸಿ, ಕೆಳಗಿಳಿಯದೆ ಕಿಟಕಿಯಿಂದಲೇ, "ಸಿಸ್ಟರ್, ಆಗ್ಲಿಲ್ಲ" ಅಂದ.

ಬೆಳಿಗ್ಗೆ ಎಂಟಕ್ಕೆ ಹುಲ್ಲು ಕೊಯ್ಯುವಾಗ ಮಂಡಲದ ಹಾವು ಪಾದಕ್ಕೆ ಕಚ್ಚಿದೆ. ಗಂಡ ಗಾರೆ ಕೆಲಸದವನು. ಸೈಕಲ್ ಮೇಲೆ ಕೂರಿಸಿಕೊಂಡು ಎಂಟೂ ಮೂವತ್ತೈದಕ್ಕೆ ನಮ್ಮ ಆರೋಗ್ಯ ಕೇಂದ್ರಕ್ಕೆ ತಂದ. ಇಷ್ಟು ಬೇಗ ಬಂದವರನ್ನು ಹನ್ನೆರಡು ವರ್ಷದಲ್ಲಿ ನಾಲ್ಕೈದು ಸಲ ಮಾತ್ರ ನೋಡಿದ್ದೇನೆ. ಕಾಲು ಊದಿತ್ತು, ಒಸಡಿನಲ್ಲಿ ರಕ್ತ ಬರುತ್ತಿತ್ತು. ಫ್ರಿಜ್ಜಿನಲ್ಲಿ ಹಾವಿನ ಇಂಜೆಕ್ಷನ್ ಒಂದು ಸೀಸೆಯೂ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಬಾಗಿಲು ತೆಗೆದು ನೋಡಿದೆ.

ಇದ್ದ ಹತ್ತು ವಯಲ್ಲನ್ನು ಅದಕ್ಕೆ ಮೂರು ದಿನ ಮೊದಲು ನಮ್ಮೂರಿನ ಟೈಲರ್‌ಗೆ ಹಾಕಿ ಮುಗಿಸಿದ್ದೆ. ಅಟ್ಟದಿಂದ ಬಟ್ಟೆ ಗಂಟು ಎಳೆಯುವಾಗ ಅವರ ಕೈಗೆ ಏನೋ ಕಚ್ಚಿತ್ತು. ಊತ ಇರಲಿಲ್ಲ. ಆದರೆ ಇಪ್ಪತ್ತು ನಿಮಿಷದ ಪರೀಕ್ಷೆ ಮಾಡಿದರೆ ರಕ್ತ ಹೆಪ್ಪುಗಟ್ಟಲಿಲ್ಲ. ನೀನು ಔಷಧಿ ಉಗ್ರಾಣದವನು, ನಿನಗೆ ಇದು ಗೊತ್ತಿರಲಿಕ್ಕಿಲ್ಲ. ಎರಡು ಮಿಲಿ ರಕ್ತವನ್ನು ಟ್ಯೂಬಿಗೆ ಹಾಕಿ, ಅಲುಗಾಡಿಸದೆ ಇಪ್ಪತ್ತು ನಿಮಿಷ ಇಟ್ಟು, ಆಮೇಲೆ ವಾಲಿಸಿ ನೋಡುತ್ತೇವೆ. ಗಟ್ಟಿಯಾಗಿದ್ದರೆ ವಿಷ ಏರಿಲ್ಲ, ಕಾಯಬಹುದು. ನೀರಿನಂತೆ ಹರಿದರೆ ಏರಿದೆ, ಕೂಡಲೇ ಹತ್ತು ವಯಲ್ ಕೊಡಬೇಕು. ನಮ್ಮಲ್ಲಿ ಬೇರೆ ಯಂತ್ರ ಇಲ್ಲ. ಡಾಕ್ಟರ್ ವಾರಕ್ಕೆ ಮೂರು ದಿನ ಬರುತ್ತಾರೆ. ಉಳಿದ ನಾಲ್ಕು ದಿನ ಈ ಟ್ಯೂಬೇ ಡಾಕ್ಟರ್.

ನಿನ್ನೆ ಆ ಹೆಂಗಸು ಬಂದಾಗ ಆಂಬುಲೆನ್ಸ್ ಹೆರಿಗೆ ಕೇಸ್ ತೆಗೆದುಕೊಂಡು ದೊಡ್ಡಾಸ್ಪತ್ರೆಗೆ ಹೋಗಿತ್ತು. ವಾಪಸ್ ಬಂದಾಗ ಹನ್ನೆರಡೂವರೆ.

ನಾನು ಮೂವತ್ತು ವಯಲ್ ಕೇಳಿ ಬರೆದಿದ್ದೆ. ನೀನು ಕಳಿಸಿದ್ದು ಹತ್ತು. ಯಾಕೆ? ಫೋನಿನಲ್ಲಿ ಅರ್ಧ ಮಾತು ಕೇಳಿಸಿ ಅರ್ಧ ಕೇಳಿಸದೆ ಇಬ್ಬರೂ ಕೂಗಾಡುವುದಕ್ಕಿಂತ, ನಿನ್ನ ಔಷಧಿ ವ್ಯಾನಿನ ಡ್ರೈವರ್ ಪಂಕ್ಚರಣ್ಣನ ಕೈಯಲ್ಲೇ ಕಾಗದ ಕಳಿಸುತ್ತಿದ್ದೇನೆ. ಉತ್ತರವನ್ನೂ ಹಾಗೇ ಕಳಿಸು.

ಅಮ್ಮನ ಮಂಡಿನೋವು ಹೇಗಿದೆ?

ನಿನ್ನ ಅಕ್ಕ


ಆಗಸ್ಟ್ 9

ಅಕ್ಕಾ,

ಕಾಗದ ತಲುಪಿತು. ಓದಿ ಬೇಜಾರಾಯಿತು. ಇದರೊಂದಿಗೆ ಹತ್ತು ವಯಲ್ ಕಳಿಸಿದ್ದೇನೆ. ಹೆಚ್ಚಿಗೆ ಇಲ್ಲ, ಇದ್ದರೆ ಕಳಿಸದೆ ಇರುತ್ತೇನೆಯೇ?

ಹಂಚಿಕೆ ನಾನು ಮನಸ್ಸಿಗೆ ಬಂದಂತೆ ಮಾಡುವುದಲ್ಲ. ಹೋದ ವರ್ಷ ಯಾವ ಕೇಂದ್ರದಲ್ಲಿ ಹಾವು ಕಚ್ಚಿ ಎಷ್ಟು ಜನ ಸತ್ತರು ಎಂಬುದರ ಮೇಲೆ ಈ ವರ್ಷದ ಪಾಲು. ನಿನ್ನ ಕೇಂದ್ರದ ರಿಜಿಸ್ಟರಿನಲ್ಲಿ ಹೋದ ವರ್ಷದ ಸಾವು ಸೊನ್ನೆ. ಸೊನ್ನೆ ಇರುವ ಕಡೆಗೆ ಹತ್ತು. ಮೊನ್ನೆಯ ಸಾವೂ ನಿನ್ನ ಲೆಕ್ಕಕ್ಕೆ ಬರುವುದಿಲ್ಲ. ಆಕೆ ನಿನ್ನಲ್ಲಿಂದ ಜೀವಂತ ಹೊರಟವಳು. ದೊಡ್ಡಾಸ್ಪತ್ರೆಯವರೂ ಬರೆಯುವುದಿಲ್ಲ, ಅವರಿಗೆ ಆಕೆ ಸತ್ತು ಬಂದವಳು. ನಮೂನೆ ನಾನು ಮಾಡಿದ್ದಲ್ಲ, ನನ್ನ ಮೇಲೆ ಹಾರಾಡಬೇಡ.

ಅಲ್ಲದೆ ಈ ಸಲ ಜೂನ್‌ನಿಂದ ಎಲ್ಲ ಕೇಂದ್ರಗಳೂ ಹಾವಿನ ಇಂಜೆಕ್ಷನ್ ಸಿಕ್ಕಾಪಟ್ಟೆ ಬಳಸುತ್ತಿವೆ. ಹಾವುಗಳೆಲ್ಲ ಸಂಘ ಕಟ್ಟಿಕೊಂಡಿವೆಯೋ ಏನೋ ಎಂದು ನಮ್ಮ ಗುಮಾಸ್ತರು ತಮಾಷೆ ಮಾಡುತ್ತಿದ್ದರು.

ಕೈಗವಸು ಎರಡು ಪೆಟ್ಟಿಗೆ, ಹತ್ತಿ, ಸಿರಿಂಜ್ ಇವೆ. ಟ್ಯೂಬು ಹಿಂದಿನ ಸಲದ ಬದಲಿಯೇ.

ಅಮ್ಮನಿಗೆ ಮಂಡಿನೋವು ಹಾಗೇ ಇದೆ. ನಡಿ ಅಂದರೆ ನಡೆಯುವುದಿಲ್ಲ, ಕೂತುಕೋ ಅಂದರೆ ಕೂರುವುದಿಲ್ಲ.

ನಿನ್ನ ತಮ್ಮ


ಆಗಸ್ಟ್ 17

ತಮ್ಮಾ,

ನನಗೆ ನೋಟಿಸ್ ಬಂದಿದೆ. ತಂದುಕೊಟ್ಟವರು ಮೇಲಿನ ಕಚೇರಿಯ ಜವಾನರು. ಸಹಿ ಹಾಕಿಸಿಕೊಂಡು, "ಭಯ ಪಡ್ಬೇಡಿ ಸಿಸ್ಟರ್, ಎಲ್ರಿಗೂ ಬರುತ್ತೆ" ಎಂದು ಸಮಾಧಾನ ಹೇಳಿ ಟೀ ಕುಡಿದು ಹೋದರು. ಅದರ ಸಾರ ಇಷ್ಟೇ: ವಿಷವಿಲ್ಲದ ಕಡಿತಕ್ಕೆ ಹತ್ತು ವಯಲ್ ಖರ್ಚು ಮಾಡಿ, ಮೂರನೇ ದಿನ ಅಗತ್ಯವಿದ್ದ ರೋಗಿಗೆ ಇಲ್ಲದಂತೆ ಮಾಡಿದ್ದೀರಿ, ಯಾಕೆ ಕ್ರಮ ಜರುಗಿಸಬಾರದು. ಸೆಪ್ಟೆಂಬರ್ ಹದಿನೈದರೊಳಗೆ ಲಿಖಿತ ಹೇಳಿಕೆ ಕೊಡಬೇಕು. ಆಮೇಲೆ ವಿಚಾರಣೆ.

ವಿಷವಿಲ್ಲದ ಕಡಿತ ಎನ್ನುವುದು ನಿಜ. ಟೈಲರ್ ಮನೆಯವರು ಮರುದಿನ ಅಟ್ಟ ಇಳಿಸಿ ಹಾವನ್ನು ಹಿಡಿದರು. ಡಬ್ಬಿಯಲ್ಲಿ ಹಾಕಿ ನನ್ನ ಮೇಜಿನ ಮೇಲೇ ತಂದಿಟ್ಟರು. ಕೇರೆ ಹಾವು. ಟೈಲರ್ ನಾಚಿಕೊಂಡು, "ಇಲಿ ಹಿಡಿಯೋ ಪ್ರಾಣಿಗೆ ಇಷ್ಟೊಂದು ಗಲಾಟೆ ಮಾಡಿಸ್ಬಿಟ್ಟೆ" ಅಂದರು. ಆಗ ನಾನೂ ನಕ್ಕೆ. ಅದಾದ ಮೇಲೆ ಎರಡನೇ ದಿನ ಆ ಹೆಂಗಸು ಬಂದಳು.

ಈಗ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. ಕೇರೆ ಕಚ್ಚಿದರೆ ರಕ್ತ ಹೆಪ್ಪುಗಟ್ಟಲೇಬೇಕು. ಯಾಕೆ ಹೆಪ್ಪುಗಟ್ಟಲಿಲ್ಲ? ಸೋಪು ಹಾಕಿ ತೊಳೆದ ಟ್ಯೂಬಾದರೆ ಹೀಗಾಗುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಆಯಾಳನ್ನು ಕರೆದು ಕೇಳಿದೆ. ಕೇಳಿದೆ ಅನ್ನುವುದಕ್ಕಿಂತ ಬೈದೆ.

"ನಾನು ತೊಳ್ದೇ ಇಲ್ಲ ಸಿಸ್ಟರ್, ಅದು ಪ್ಯಾಕೆಟ್ ಒಡೆದ ಹೊಸಾದು" ಅಂದಳು.

"ಸುಳ್ಳು ಹೇಳ್ಬೇಡ. ನಿನ್ನ ಸೋಪಿನ ಹುಚ್ಚು ನಂಗೊತ್ತಿಲ್ವಾ? ಥರ್ಮಾಮೀಟರ್‌ಗೂ ಸ್ನಾನ ಮಾಡಿಸ್ತೀಯ."

ಕಾಯುತ್ತಿದ್ದ ರೋಗಿಗಳ ಎದುರಿಗೇ ಅಂದೆ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಹೊರಟುಹೋದಳು. ಐದು ದಿನವಾಯಿತು, ಬಂದಿಲ್ಲ.

ಡಾಕ್ಟರ್ ಆ ಗಾರೆಯವನಿಗೆ, "ಇನ್ನೂ ಬೇಗ ಕರ್ಕೊಂಡು ಬರ್ಬೇಕಿತ್ತಪ್ಪಾ" ಎಂದು ಹೇಳಿ ಕಳಿಸಿದ್ದಾರೆ. ಅವನು ನನ್ನ ಹತ್ತಿರ ಬಂದು, "ಮನೆ ಬೀಗ ಹಾಕೋಕೆ ಎರಡು ನಿಮಿಷ ನಿಂತೆ ಸಿಸ್ಟರ್. ಬೀಗದಕೈ ಸಿಗ್ಲಿಲ್ಲ. ಹುಡುಕ್ದೆ" ಅಂದ. ನಾನು ಮುಂದಿನ ರೋಗಿಯನ್ನು ಕರೆದೆ.

ಅಕ್ಕ


ಆಗಸ್ಟ್ 22

ಅಕ್ಕಾ,

ನೋಟಿಸಿಗೆ ಹೆದರಬೇಡ. ಇಂಥವನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಉತ್ತರವನ್ನು ಹೇಗೆ ಬರೆಯುತ್ತೀಯ ಎಂಬುದರ ಮೇಲೆ ಎಲ್ಲ ನಿಂತಿದೆ.

ಉತ್ತರ ನಿನ್ನ ಕಾಗದದಲ್ಲೇ ಇದೆ. ಟ್ಯೂಬನ್ನು ಆಯಾ ಸೋಪಿನಿಂದ ತೊಳೆದಿದ್ದರಿಂದ ಪರೀಕ್ಷೆ ತಪ್ಪಾಗಿದೆ ಎಂದು ಬರೆ. ನೀನು ನಿಯಮದಂತೆ ಪರೀಕ್ಷೆ ಮಾಡಿದ್ದೀಯ, ಫಲಿತಾಂಶದಂತೆ ಇಂಜೆಕ್ಷನ್ ಕೊಟ್ಟಿದ್ದೀಯ. ತಪ್ಪು ತೊಳೆದವರದು. ಅವಳು ದಿನಗೂಲಿಯವಳು, ಹೆಚ್ಚೆಂದರೆ ಬೇರೆ ಕಡೆ ಹಾಕುತ್ತಾರೆ. ಕೆಲಸಕ್ಕೂ ಬರುತ್ತಿಲ್ಲ ಅಂದೆಯಲ್ಲ, ಅದನ್ನೂ ಸೇರಿಸು. ನಾಲ್ಕು ಸಾಲು ಸಾಕು. ಕರಡು ಬರೆದು ಇದರ ಹಿಂದೆ ಲಗತ್ತಿಸಿದ್ದೇನೆ, ನಕಲು ಮಾಡಿದರೆ ಆಯಿತು.

ಟ್ಯೂಬಿನ ವಿಷಯ ಹೆಚ್ಚು ಕೆದಕಬೇಡ.

ಅಮ್ಮ ನಿನ್ನನ್ನು ಕೇಳಿದಳು ಅಂತ ಬರೆ ಅಂದಳು. ಬರೆದಿದ್ದೇನೆ.

ತಮ್ಮ


ಆಗಸ್ಟ್ 27

ತಮ್ಮಾ,

ಇಂದು ಬೆಳಿಗ್ಗೆ ಹತ್ತೂ ಇಪ್ಪತ್ತೈದಕ್ಕೆ ನನ್ನ ರಕ್ತ ಹೆಪ್ಪುಗಟ್ಟಲಿಲ್ಲ. ನನಗೆ ಯಾವ ಹಾವೂ ಕಚ್ಚಿಲ್ಲ.

ನಿನ್ನ ಕರಡನ್ನು ನಕಲು ಮಾಡಲು ಕೂತಿದ್ದೆ. "ಆಯಾ ಸೋಪಿನಿಂದ ತೊಳೆದಿದ್ದರಿಂದ" ಎಂಬಲ್ಲಿಗೆ ಬಂದಾಗ, ಅವಳು ಹೊಸ ಪ್ಯಾಕೆಟ್ ಅಂದಿದ್ದಳಲ್ಲ, ಒಮ್ಮೆ ನೋಡಿಬಿಡೋಣ ಅನಿಸಿತು. ಎದ್ದು ಹೋಗಿ ಹೊಸ ಪ್ಯಾಕೆಟ್ ಒಡೆದೆ. ಪ್ಲಾಸ್ಟಿಕ್ ಟ್ಯೂಬು. ಜೂನ್‌ನಿಂದ ಇದನ್ನೇ ಬಳಸುತ್ತಿದ್ದೇನೆ, ಒಡೆಯುವುದಿಲ್ಲ, ಒಳ್ಳೆಯದಾಯಿತು ಎಂದುಕೊಂಡಿದ್ದೆ. ತರಬೇತಿಯ ಪುಸ್ತಕ ತೆಗೆದೆ. "ಶುಚಿಯಾದ, ಒಣಗಿದ, ಗಾಜಿನ" ಎಂದಿದೆ. ಗಾಜು ತಾಗಿದರೆ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಹಾಗಾಗುವುದಿಲ್ಲ. ಹನ್ನೆರಡು ವರ್ಷ ಗಾಜೇ ಬರುತ್ತಿದ್ದುದರಿಂದ ಆ ಪದದ ಮೇಲೆ ನನ್ನ ಕಣ್ಣು ನಿಂತೇ ಇರಲಿಲ್ಲ.

ಹೈಸ್ಕೂಲಿನ ವಿಜ್ಞಾನ ಮೇಷ್ಟ್ರ ಹತ್ತಿರ ಮೂರು ಗಾಜಿನ ಟ್ಯೂಬು ಇಸಕೊಂಡು ಬಂದೆ. ಮೊದಲು ನನ್ನ ರಕ್ತ. ಆಮೇಲೆ ಟೈಲರ್ ಸಿಕ್ಕರು. ಪಾಪ, ವಾರಕ್ಕೊಮ್ಮೆ ಕೃತಜ್ಞತೆ ಹೇಳಲು ಬರುತ್ತಾರೆ. ಮೂರನೆಯದು ಪಂಕ್ಚರಣ್ಣನದು. "ಅಕ್ಕಾ, ನಾನು ಔಷಧಿ ತರೋನು, ರಕ್ತ ಕೊಡೋನಲ್ಲ" ಎಂದು ಗೋಗರೆದ. ಸೂಜಿ ನೋಡಿ ಬೆಂಚಿನ ಮೇಲೆ ಬಿದ್ದೇಬಿಟ್ಟ. ಬಿದ್ದವನ ಕೈಯಿಂದಲೇ ತೆಗೆದೆ.

ಇಪ್ಪತ್ತು ನಿಮಿಷಕ್ಕೆ ಗಾಜಿನ ಮೂರರಲ್ಲೂ ರಕ್ತ ಗಟ್ಟಿಯಾಯಿತು. ಪ್ಲಾಸ್ಟಿಕ್ಕಿನ ಮೂರರಲ್ಲೂ ಹರಿಯಿತು.

ಅಂದರೆ ಈ ಟ್ಯೂಬಿನಲ್ಲಿ ಯಾರ ರಕ್ತ ಹಾಕಿದರೂ ವಿಷ ಏರಿದೆ ಎಂದೇ ತೋರಿಸುತ್ತದೆ. ಕೇರೆ ಕಚ್ಚಿದರೂ ಹತ್ತು ವಯಲ್, ಮುಳ್ಳು ಚುಚ್ಚಿದರೂ ಹತ್ತು ವಯಲ್. ನಿಜವಾಗಿ ಬೇಕಾದವರು ಬರುವಾಗ ಫ್ರಿಜ್ ಖಾಲಿ. ನಿಮ್ಮ ಗುಮಾಸ್ತರಿಗೆ ಹೇಳು, ಹಾವುಗಳು ಸಂಘ ಕಟ್ಟಿಲ್ಲ.

ಜೂನ್ 6ರ ಸರಬರಾಜು ಚೀಟಿ ನನ್ನ ಕಡತದಲ್ಲಿದೆ. "ಗಾಜಿನ ಟ್ಯೂಬು ದಾಸ್ತಾನಿಲ್ಲ, ಬದಲಿ: ಪ್ಲಾಸ್ಟಿಕ್, ಸಮಾನ" ಎಂದಿದೆ. ಕೆಳಗೆ ನಿನ್ನ ಸಹಿ.

ಎಷ್ಟು ಕೇಂದ್ರಗಳಿಗೆ ಕಳಿಸಿದ್ದೀಯ?

ಅಕ್ಕ


ಸೆಪ್ಟೆಂಬರ್ 8

ತಮ್ಮಾ,

ವ್ಯಾನ್ ಬಂತು. ನಿನ್ನ ಕಾಗದ ಇಲ್ಲ. ಪಂಕ್ಚರಣ್ಣನನ್ನು ಎರಡು ಸಲ ಕೇಳಿದೆ. "ಸಾಹೇಬ್ರು ನಿಮ್ಮ ಕವರ್ ಒಡೆದು ಓದಿದ್ರು, ಮಡಿಸಿ ಜೇಬಲ್ಲಿಟ್ಕೊಂಡ್ರು. ನನ್ನ ರಕ್ತ ತೆಗೆದ್ರು ಸಾರ್ ಅಂದೆ. ಅದಕ್ಕೆ ಪೆಟ್ಟಿಗೆ ಹತ್ತಿಸು ಅಂದ್ರು" ಅಂದ.

ವ್ಯಾನಿನಲ್ಲಿ ಟ್ಯೂಬಿನ ಇನ್ನೊಂದು ಪೆಟ್ಟಿಗೆ ಬಂದಿದೆ. ಪ್ಲಾಸ್ಟಿಕ್.

ಪಕ್ಕದ ಎರಡು ಕೇಂದ್ರದ ಸಿಸ್ಟರ್‌ಗಳಿಗೆ ನಾನೇ ಹೇಳಿದೆ. ಒಬ್ಬಳು ನಂಬಿದಳು. ಇನ್ನೊಬ್ಬಳು, "ಮೇಲಿಂದ ಆರ್ಡರ್ ಬರ್ಲಿ ಕಣೇ, ನಿನ್ನ ಮಾತು ಕಟ್ಕೊಂಡು ನಂಗೂ ನೋಟಿಸ್ ಬಂದ್ರೆ?" ಅಂದಳು. ಕೊಯ್ಲು ಶುರುವಾಗಲು ಮೂರು ವಾರ ಇದೆ. ಕೊಯ್ಲಿನಲ್ಲಿ ನಮ್ಮಲ್ಲಿ ವಾರಕ್ಕೆ ನಾಲ್ಕು ಜನ ಹಾವು ಕಚ್ಚಿಸಿಕೊಂಡು ಬರುತ್ತಾರೆ.

ನನ್ನ ಹೇಳಿಕೆ ಬರೆದಾಗಿದೆ. ಆಯಾಳ ಹೆಸರು ಅದರಲ್ಲಿಲ್ಲ. ನಿನ್ನ ಸಹಿಯ ಚೀಟಿಯನ್ನು ಲಗತ್ತಿಸಲೋ ಬೇಡವೋ ಎಂದು ಕಡತದಿಂದ ತೆಗೆಯುತ್ತೇನೆ, ಮತ್ತೆ ಇಡುತ್ತೇನೆ. ವಾರದಿಂದ ಇದೇ ಆಗಿದೆ. ಕೊನೆಯ ದಿನ ಹದಿನೈದು. ಅಷ್ಟರೊಳಗೆ ಏನಾದರೂ ಬರೆ. ಬೈದಾದರೂ ಬರೆ.

ಅಕ್ಕ


ಸೆಪ್ಟೆಂಬರ್ 10

ಮಗಳೇ,

ಇವನು ಊಟ ಮಾಡ್ತಿಲ್ಲ. ತಟ್ಟೆ ಮುಂದೆ ಕೂತ್ಕೊಂಡು ಅನ್ನ ಕಲಸ್ತಾನೆ, ಎದ್ದು ಹೋಗ್ತಾನೆ. ಏನಾಯ್ತೋ ಅಂದ್ರೆ ಆಫೀಸ್ ವಿಷ್ಯ ಅಂತಾನೆ. ಇವತ್ತು ಅಂಗಿ ಒಗೆಯೋಕೆ ತಗೊಂಡಾಗ ಜೇಬಲ್ಲಿ ನಿನ್ನ ಕಾಗದ ಸಿಕ್ತು. ಓದ್ದೆ. ಅರ್ಧ ಅರ್ಥ ಆಯ್ತು. ಇವನ್ನ ಕೂರಿಸ್ಕೊಂಡು ಉಳಿದರ್ಧ ಕೇಳ್ದೆ.

ಸಣ್ಣೋನಿದ್ದಾಗ ಇವನು ಹೂಜಿ ಒಡೆದ್ರೂ ನೀನು ನಾನೇ ಒಡೆದೆ ಅಂತ ಬಂದು ನಿಲ್ತಿದ್ದೆ. ನಾನೂ ಸುಮ್ನಿರ್ತಿದ್ದೆ. ಯಾರು ಒಡೆದದ್ದು ಅಂತ ನಂಗೆ ಗೊತ್ತಿರ್ತಿತ್ತು. ಹಾಗೆ ಸುಮ್ನಿದ್ದದ್ದು ನನ್ನ ತಪ್ಪು. ಇನ್ನು ನೀನು ನಿಲ್ಬೇಡ.

ಪಂಕ್ಚರಣ್ಣ ಬಾಗಿಲಲ್ಲಿ ಕಾಯ್ತಿದ್ದಾನೆ, ಮುಗಿಸ್ತೀನಿ.

ಅಮ್ಮ


ಸೆಪ್ಟೆಂಬರ್ 14

ಅಕ್ಕಾ,

ನಲವತ್ತೊಂದು ಕೇಂದ್ರಗಳಿಗೆ ಕಳಿಸಿದ್ದೇನೆ.

ಮೇ ಕೊನೆಗೆ ಗಾಜಿನ ಟ್ಯೂಬಿನ ಸರಬರಾಜು ನಿಂತಿತು. ಬದಲಿ ಇದೆಯೇ ಎಂಬ ಕಾಲಮ್ಮಿನಲ್ಲಿ "ಸಮಾನ" ಎಂದು ಬರೆದವನು ನಾನು. ಎರಡು ನಿಮಿಷದ ಕೆಲಸ. ಟ್ಯೂಬು ಅಂದರೆ ಟ್ಯೂಬು ಎಂದುಕೊಂಡೆ. ಯಾವ ಡಾಕ್ಟರನ್ನೂ ಕೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ. ಅದು ತಪ್ಪು, ಆದರೆ ತಿಳಿಯದೆ ಮಾಡಿದ್ದು. ಉಳಿದ ಎರಡು ಹಾಗಲ್ಲ.

ಜುಲೈ ಹೊತ್ತಿಗೆ ಇಂಜೆಕ್ಷನ್ ಬಳಕೆ ಎರಡರಷ್ಟಾಯಿತು. ಕಾರಣ ಹುಡುಕುವ ಬದಲು "ಅನಗತ್ಯ ಬಳಕೆ" ಎಂದು ತಲೆಬರಹ ಕೊಟ್ಟು ಒಂಬತ್ತು ಕೇಂದ್ರಗಳ ಪಟ್ಟಿ ಮಾಡಿ ಮೇಲಕ್ಕೆ ಕಳಿಸಿದೆ. ನಿನ್ನ ಕೇಂದ್ರ ಮೂರನೆಯದು. ಆ ಪಟ್ಟಿ ಹಿಡಿದೇ ಮೇಲಿನವರು ನಿಮ್ಮ ರಿಜಿಸ್ಟರ್ ನೋಡಿದ್ದು. ನಿನಗೆ ಬಂದ ನೋಟಿಸ್ ಹೊರಟಿದ್ದು ನನ್ನ ಮೇಜಿನಿಂದ. ನಿನ್ನ ಎರಡನೇ ಕಾಗದ ಓದುವಾಗಲೇ ನನಗದು ಗೊತ್ತಿತ್ತು. ಸೋಪಿನ ಮಾತು ಬಂದಾಗ ಟ್ಯೂಬಿನ ಮೇಲೆ ಅನುಮಾನವೂ ಬಂತು. ಅದಕ್ಕೇ ಕರಡು ಬರೆದುಕೊಟ್ಟೆ.

ಎರಡನೆಯದು ಆ ಪೆಟ್ಟಿಗೆ. ನೀನು ರಕ್ತ ತೆಗೆದು ನೋಡಿದ ಕಾಗದ ಓದಿದ ಮೇಲೆ ಕಳಿಸಿದ್ದು. ನಿಲ್ಲಿಸಿದ್ದರೆ ಯಾಕೆ ನಿಲ್ಲಿಸಿದೆ ಎಂದು ಕೇಳುತ್ತಿದ್ದರು.

ಅಮ್ಮ ಕೂರಿಸಿಕೊಂಡು ಕೇಳಿದ ಮರುದಿನ ಬೆಳಿಗ್ಗೆ, ಅಡುಗೆಮನೆಯಲ್ಲಿ, ನನ್ನ ಕೈಯಿಂದ ರಕ್ತ ತೆಗೆಸಿ, ಗಾಜಿನದೊಂದು, ಪ್ಲಾಸ್ಟಿಕ್ಕಿನದೊಂದು, ಎರಡು ಟ್ಯೂಬಿನಲ್ಲಿ ಇಟ್ಟೆ. ಪಕ್ಕದ ಮನೆಯ ಲ್ಯಾಬಿನವರು ತೆಗೆದುಕೊಟ್ಟರು. ಅಮ್ಮ ಗೋಡೆ ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹದಿನಾಲ್ಕು ನಿಮಿಷಕ್ಕೆ ಮುಟ್ಟಲು ಹೋದೆ. "ಕೈ ತೆಗಿ. ಅವಳು ಇಪ್ಪತ್ತು ಅಂತ ಬರ್ದಿದ್ದಾಳೆ" ಅಂದಳು.

ಅಂದೇ ಹನ್ನೊಂದು ಗಂಟೆಗೆ ನಲವತ್ತೊಂದು ಕೇಂದ್ರಗಳಿಗೂ ಸುತ್ತೋಲೆ ಹೋಯಿತು: ಪ್ಲಾಸ್ಟಿಕ್ ಟ್ಯೂಬಿನಲ್ಲಿ ಪರೀಕ್ಷೆ ಮಾಡಬಾರದು. ಕಾರಣವೆಂದು "ಉಗ್ರಾಣದ ತಪ್ಪು ಬದಲಿ" ಎಂದು ಬರೆದು ಸಹಿ ಹಾಕಿದ್ದೇನೆ. ಅದರ ಒಂದು ಪ್ರತಿಯನ್ನು ವಿಚಾರಣಾಧಿಕಾರಿಗೆ ಕೊಟ್ಟೆ. ಅವರು ಎರಡು ಸಲ ಓದಿ, "ನೀವೇ ಬರ್ದಿದ್ದಾ? ಯಾರಾದ್ರೂ ಬರೆಸಿದ್ರಾ?" ಎಂದು ಕೇಳಿದರು. ನಾನೇ ಅಂದೆ. ನಿನ್ನೆಯಿಂದ ನನ್ನನ್ನು ಅಮಾನತಿನಲ್ಲಿಟ್ಟಿದ್ದಾರೆ.

ಕೇಂದ್ರಗಳಿಂದ ಉತ್ತರ ಬರುವಾಗ ನಾನು ಇನ್ನೂ ಕುರ್ಚಿಯಲ್ಲಿದ್ದೆ. ಇಪ್ಪತ್ತಾರು ಕೇಂದ್ರಗಳದ್ದು ಬಂತು. ಜೂನ್‌ನಿಂದ ನೂರ ಹದಿನೆಂಟು ಜನರಿಗೆ ಇಂಜೆಕ್ಷನ್ ಕೊಟ್ಟಿದ್ದಾರೆ. ಅವರಲ್ಲಿ ಎಷ್ಟು ಜನರಿಗೆ ಬೇಕಿತ್ತು ಎಂದು ಈಗ ಹೇಳಲು ಬರುವುದಿಲ್ಲ. ಇಂಜೆಕ್ಷನ್ ಇಲ್ಲದೆ ಮುಂದಕ್ಕೆ ಕಳಿಸಿದವರು ಹತ್ತೊಂಬತ್ತು. ಅವರಲ್ಲಿ ದಾರಿಯಲ್ಲಿ ತೀರಿಹೋದವರು ಎಷ್ಟು ಎಂದು ಹುಡುಕಿದೆ. ಆ ಕಾಲಂ ನಮ್ಮ ಯಾವ ನಮೂನೆಯಲ್ಲೂ ಇಲ್ಲ.

ನನ್ನ ಸಹಿಯ ಚೀಟಿಯನ್ನು ಲಗತ್ತಿಸು. ಬೇಡ ಅನ್ನಬೇಡ.

ತಮ್ಮ


ಸೆಪ್ಟೆಂಬರ್ 19

ತಮ್ಮಾ,

ಚೀಟಿ ಲಗತ್ತಿಸಿದೆ. ಹೇಳಿಕೆ ಹದಿನೈದರ ಮಧ್ಯಾಹ್ನ ತಲುಪಿದೆ, ಸ್ವೀಕೃತಿ ನನ್ನ ಹತ್ತಿರ ಇದೆ. ನಿನ್ನ ಕಾಗದ ಅಂದು ಬೆಳಿಗ್ಗೆ ಬಂತು. ಒಂದು ಮಾತು ಹೇಳಿಬಿಡುತ್ತೇನೆ. ಅದು ಬರುವ ಮೊದಲೇ ಲಕೋಟೆ ಅಂಟಿಸಿದ್ದೆ. ಚೀಟಿ ಒಳಗಿತ್ತು.

ಆ ಎರಡನೇ ಪೆಟ್ಟಿಗೆಯ ಬಗ್ಗೆ ಓದಿ ನಿನಗೆ ಕಾಗದ ಬರೆಯುವುದೇ ಬೇಡ ಅನಿಸಿತ್ತು. ನಾಲ್ಕು ದಿನ ಬರೆಯಲಿಲ್ಲ.

ಆಯಾಳ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿದಳು. ತಪ್ಪಾಯಿತು ಅಂದೆ. "ಸೋಪ್ ಹಾಕಿಲ್ಲ ಅಂತ ನಾನಂದಾಗ ನಂಬ್ಲಿಲ್ಲ. ಈಗ ಯಾರೋ ಆಫೀಸರು ಬರೆದ್ರು ಅಂತ ನಂಬ್ತೀರಾ?" ಅಂದಳು. ಯಾರೋ ಅಲ್ಲ, ನನ್ನ ತಮ್ಮ ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸರಿ, ನಾಳೆ ಬರ್ತೀನಿ. ನಿಮ್ಗೋಸ್ಕರ ಅಲ್ಲ. ಹೆರಿಗೆ ಕೋಣೆ ಗಬ್ಬೆದ್ದಿರುತ್ತೆ." ಬಂದಿದ್ದಾಳೆ. ಕೆಲಸ ಮಾಡುತ್ತಾಳೆ, ನನ್ನ ಜೊತೆ ಮಾತಿಲ್ಲ.

ನಿನ್ನೆ ಗಾರೆಯವನು ಕೆಲಸ ಮಾಡುವ ಕಡೆಗೆ ಹೋದೆ. ಗೋಡೆಗೆ ಕಟ್ಟಿದ ಸಾರುವೆ ಮೇಲಿದ್ದ. ಕರೆದೆ, ಇಳಿದು ಬಂದ. ಕೈಯಲ್ಲಿ ಕರಣೆ ಹಾಗೇ ಇತ್ತು. ನಿಂತೇ ಎಲ್ಲ ಹೇಳಿದೆ: ಟ್ಯೂಬು, ಟೈಲರ್, ಹತ್ತು ವಯಲ್, ನಾಲ್ಕು ಗಂಟೆ ತಡವಾದ ಆಂಬುಲೆನ್ಸ್, ಯಾವ ರಿಜಿಸ್ಟರಿನಲ್ಲೂ ಸೇರದ ಅವಳ ಹೆಸರು, ಸೋಮವಾರದ ವಿಚಾರಣೆ. ಅವನು ಕೇಳಿದ್ದು ಒಂದೇ.

"ಹಾಗಾದ್ರೆ ಬೀಗದಕೈ ಹುಡುಕಿದ್ದು?"

"ಅದ್ರಿಂದ ಏನೂ ಆಗಿಲ್ಲ. ನೀವು ತಂದಷ್ಟು ಬೇಗ ಯಾರೂ ತರಲ್ಲ."

"ಡಾಕ್ಟರು ಲೇಟು ಅಂದ್ರಲ್ಲ."

"ಅವ್ರು ಹೇಳಿದ್ದು ತಪ್ಪು. ನಾನು ಅವತ್ತೇ ಹೇಳ್ಬೇಕಿತ್ತು. ಹೇಳ್ಲಿಲ್ಲ."

ಕರಣೆಗೆ ಹತ್ತಿದ್ದ ಗಾರೆಯನ್ನು ಬೆರಳಿನಿಂದ ಕೆರೆದ. ಆಮೇಲೆ, "ಆ ಟ್ಯೂಬ್ ಕಳಿಸ್ದೋರು ಯಾರು?" ಅಂದ.

"ನನ್ನ ತಮ್ಮ."

"ಅವ್ರೂ ಬರ್ತಾರಾ, ವಿಚಾರಣೆಗೆ?"

ಬರುತ್ತಾನೆ ಅಂದೆ.

"ನಾನೂ ಬರ್ತೀನಿ. ಏನೂ ಕೇಳೋಕಲ್ಲ. ಅವಳ ಹೆಸರು ಎಲ್ಲೂ ಬರ್ದಿಲ್ಲ ಅಂದ್ರಲ್ಲ. ಅಲ್ಲಿ ಬರೀತಾರೆ ತಾನೆ? ಬರಿಯೋದು ನೋಡ್ಬೇಕು."

ಬರೆಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಹೇಳಿಕೆಯ ಮೊದಲ ಸಾಲಿನಲ್ಲಿ ನಾನು ಬರೆದಿದ್ದೇನೆ: ಹೆಸರು, ವಯಸ್ಸು, ಹಾವು ಕಚ್ಚಿದ ಹೊತ್ತು, ಪ್ರಾಣ ಹೋದ ಕಿಲೋಮೀಟರ್. ನಿನ್ನ ಹೇಳಿಕೆಯಲ್ಲೂ ಅದನ್ನೇ ಮೊದಲು ಬರೆ.

ವಿಚಾರಣೆ ಸೋಮವಾರ, 22ನೇ ತಾರೀಕು, ಬೆಳಿಗ್ಗೆ ಹನ್ನೊಂದಕ್ಕೆ, ಎರಡನೇ ಮಹಡಿಯ ಹದಿನಾಲ್ಕನೇ ಕೋಣೆಯಲ್ಲಿ. ಮೊದಲು ನನ್ನ ಹೇಳಿಕೆ, ಆಮೇಲೆ ನಿನ್ನದು.

ಅಕ್ಕ